1986ರ ಕಾಮಿಕ್ಸ್ ಓದಬೇಕು, ಎಲ್ಲಿಂದ ಶುರು ಮಾಡಲಿ? ಓದಿದವರ ಅನುಭವಗಳು

ಕೇಳಿದ್ದು:
ನಮಸ್ಕಾರ. ನಾನು ಅಮರ ಚಿತ್ರಕಥೆ, ಟಿಂಕಲ್, ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಓದಿಕೊಂಡು ಬೆಳೆದವಳು. ಆಮೇಲೆ ಕಾಮಿಕ್ಸ್ ಕಡೆ ತಿರುಗಿ ನೋಡಲಿಲ್ಲ. ಈಗ ಮಗ ಹತ್ತನೇ ಕ್ಲಾಸ್ ಮುಗಿಸಿದ್ದಾನೆ. ಸೂಪರ್‌ಹೀರೋ ಸಿನಿಮಾ ನೋಡಿ ನೋಡಿ ಮೂಲ ಪುಸ್ತಕಗಳೇ ಬೇಕು ಅಂತಿದ್ದಾನೆ. ಯಾರನ್ನು ಕೇಳಿದರೂ 1986 ದೊಡ್ಡ ವರ್ಷ, ಮೌಸ್, ವಾಚ್‌ಮೆನ್, ಡಾರ್ಕ್ ನೈಟ್ ಮೂರನ್ನೂ ಓದಿ ಅಂತಾರೆ. ಬೆಲೆ ಜಾಸ್ತಿ, ಒಟ್ಟಿಗೆ ಕೊಳ್ಳಲು ಆಗುವುದಿಲ್ಲ. ಮೊದಲು ಯಾವುದು? ಅವನ ವಯಸ್ಸಿಗೆ ಸರಿಹೋಗುತ್ತವಾ? ನಾನೂ ಜೊತೆಗೆ ಓದಬೇಕು ಅಂತಿದ್ದೇನೆ.

ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವರು, ಧಾರವಾಡ:
ಮೇಡಂ, ಮೌಸ್‌ನಿಂದ ಶುರು ಮಾಡಿ. ಉಳಿದೆರಡಕ್ಕೆ ಹಳೆಯ ಸೂಪರ್‌ಹೀರೋಗಳ ಪರಿಚಯ ಬೇಕು. ಇದಕ್ಕೆ ಏನೂ ಬೇಡ.

ಬರೆದು ಚಿತ್ರಿಸಿದವರು ಆರ್ಟ್ ಸ್ಪೀಗೆಲ್‌ಮನ್. ಅವರ ತಂದೆ ವ್ಲಾಡೆಕ್ ಪೋಲೆಂಡಿನ ಯಹೂದಿ, ಹಿಟ್ಲರನ ನಾಜಿಗಳು ಯಹೂದಿಗಳನ್ನು ಕೊಲ್ಲುತ್ತಿದ್ದ ಆಶ್ವಿಟ್ಜ್ ಶಿಬಿರದಿಂದ ಬದುಕಿ ಬಂದವರು. ನ್ಯೂಯಾರ್ಕಿನ ಮನೆಯಲ್ಲಿ ವ್ಯಾಯಾಮದ ಸೈಕಲ್ ತುಳಿಯುತ್ತಾ ತಂದೆ ಕಥೆ ಹೇಳುತ್ತಾರೆ, ಮಗ ಬರೆದುಕೊಳ್ಳುತ್ತಾನೆ. ಯಹೂದಿಗಳಿಗೆ ಇಲಿಯ ಮುಖ, ಜರ್ಮನರಿಗೆ ಬೆಕ್ಕಿನ ಮುಖ. ಮೊದಲ ಕೆಲವು ಪುಟ ಇದು ವಿಚಿತ್ರ ಅನಿಸುತ್ತದೆ. ಆಮೇಲೆ ಮುಖ ಮರೆತೇ ಹೋಗಿ ಮನುಷ್ಯರಷ್ಟೇ ಕಾಣುತ್ತಾರೆ. ನನ್ನ ವಿದ್ಯಾರ್ಥಿಗಳಿಗೂ ಹಾಗೇ ಆಗಿದೆ. ವ್ಲಾಡೆಕ್ ಆಡುವುದು ಹರಕು ಮುರುಕು ಇಂಗ್ಲಿಷ್, ವಾಕ್ಯಗಳೂ ಚಿಕ್ಕವು. ಇಂಗ್ಲಿಷ್ ಪುಸ್ತಕ ಅಂದರೆ ಹಿಂಜರಿಯುವ ಹುಡುಗರೂ ಇದನ್ನು ಪೂರ್ತಿ ಓದಿದ್ದಾರೆ.

ನನಗೆ ಈ ಪುಸ್ತಕದ ಮೇಲೆ ಇಷ್ಟು ಗೌರವ ಏಕೆಂದರೆ, ತಂದೆಯನ್ನು ಇದು ಹುತಾತ್ಮನನ್ನಾಗಿ ಮಾಡುವುದಿಲ್ಲ. ವ್ಲಾಡೆಕ್ ಜಿಪುಣ, ಹಟಮಾರಿ, ಎರಡನೇ ಹೆಂಡತಿಯ ಜೊತೆ ದಿನವೂ ಜಗಳ. ಅಷ್ಟು ನೋವು ಉಂಡವರೂ ಒಳ್ಳೆಯವರೇ ಆಗಿರಬೇಕಾಗಿಲ್ಲ ಅನ್ನುವುದನ್ನು ಮಗನೇ ಬಿಡಿಸಿ ತೋರಿಸುತ್ತಾನೆ. ತರಗತಿಯಲ್ಲಿ ಜಾಸ್ತಿ ಚರ್ಚೆ ನಡೆಯುವುದು ಯುದ್ಧದ ಬಗ್ಗೆ ಅಲ್ಲ, ಈ ಅಪ್ಪ ಮಗನ ಬಗ್ಗೆ. ನಿಮ್ಮ ಮನೆಯಲ್ಲೂ ಅಲ್ಲಿಂದಲೇ ಮಾತು ಶುರುವಾಗಬಹುದು.

ಕೊಳ್ಳುವಾಗ ಒಂದು ಎಚ್ಚರ. 1986ರಲ್ಲಿ ಬಂದದ್ದು ಮೊದಲ ಭಾಗ ಮಾತ್ರ. 1980ರಿಂದ ರಾ ಎಂಬ ಪತ್ರಿಕೆಯಲ್ಲಿ ಅಧ್ಯಾಯ ಅಧ್ಯಾಯವಾಗಿ ಬರುತ್ತಿತ್ತು. ಅಷ್ಟರಲ್ಲಿ ಸ್ಪೀಲ್‌ಬರ್ಗ್ ಕಡೆಯಿಂದ ಯಹೂದಿ ಇಲಿಗಳ ಕಾರ್ಟೂನ್ ಸಿನಿಮಾ ತಯಾರಾಗುತ್ತಿದೆ ಎಂಬ ಸುದ್ದಿ ಸ್ಪೀಗೆಲ್‌ಮನ್‌ಗೆ ಸಿಕ್ಕಿತು. ನಾಳೆ ತನ್ನದೇ ನಕಲು ಅನ್ನಿಸಿಕೊಂಡರೆ ಎಂಬ ಆತಂಕ. ಅದಕ್ಕೇ ಮುಗಿದಿದ್ದ ಆರು ಅಧ್ಯಾಯಗಳನ್ನು ಪ್ಯಾಂಥಿಯಾನ್ ಪ್ರಕಾಶನದಿಂದ ಮೊದಲೇ ಹೊರತಂದರು. ಆ ಭಾಗ ಆಶ್ವಿಟ್ಜ್ ಬಾಗಿಲಿಗೆ ಬಂದು ನಿಲ್ಲುತ್ತದೆ. ಉಳಿದದ್ದು ಬಂದದ್ದು 1991ರಲ್ಲಿ, ಮರುವರ್ಷ ವಿಶೇಷ ಪುಲಿಟ್ಜರ್ ಪ್ರಶಸ್ತಿ. ಹಾಗಾಗಿ ಎರಡೂ ಭಾಗ ಸೇರಿರುವ ಸಂಪೂರ್ಣ ಆವೃತ್ತಿಯನ್ನೇ ಕೇಳಿ ತೆಗೆದುಕೊಳ್ಳಿ.

ಹಳೆಯ ಸಂಚಿಕೆ ಸಂಗ್ರಹಿಸುವವರು, ಬೆಂಗಳೂರು:
ಮೌಸ್ ದೊಡ್ಡ ಪುಸ್ತಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಡುಗ ಕೇಳಿದ್ದು ಸೂಪರ್‌ಹೀರೋ ಅಲ್ವಾ? ಅವನ ಆಸೆಯಿಂದಲೇ ಶುರು ಮಾಡಿ. ನನ್ನ ಓಟು ದಿ ಡಾರ್ಕ್ ನೈಟ್ ರಿಟರ್ನ್ಸ್‌ಗೆ. ಬರೆದು ಚಿತ್ರಿಸಿದವರು ಫ್ರಾಂಕ್ ಮಿಲ್ಲರ್, ಪೆನ್ಸಿಲ್ ಗೆರೆಗಳ ಮೇಲೆ ಇಂಕ್ ಮಾಡಿದವರು ಕ್ಲಾಸ್ ಜಾನ್ಸನ್, ಬಣ್ಣ ಲಿನ್ ವಾರ್ಲಿ. ಬ್ರೂಸ್ ವೇಯ್ನ್‌ಗೆ 55 ದಾಟಿದೆ, ಬ್ಯಾಟ್‌ಮನ್ ವೇಷ ಬಿಟ್ಟು ಹತ್ತು ವರ್ಷ. ಮತ್ತೆ ಎದ್ದು ಬರುತ್ತಾನೆ. ಜೊತೆಗೆ ಬರುವ ಹೊಸ ರಾಬಿನ್ 13 ವರ್ಷದ ಹುಡುಗಿ, ಕ್ಯಾರಿ ಕೆಲ್ಲಿ. ಸೂಪರ್‌ಮ್ಯಾನ್ ಅಮೆರಿಕ ಸರ್ಕಾರದ ಆಳಾಗಿದ್ದಾನೆ. ಸಿನಿಮಾದ ಬ್ಯಾಟ್‌ಮನ್ ಗೊತ್ತಿದ್ದರೆ ಸಾಕು, ಹುಡುಗ ಕೂತಲ್ಲೇ ಓದುತ್ತಾನೆ. ಪುಟ ಪುಟಕ್ಕೂ ಟೀವಿ ಪರದೆಯ ಆಕಾರದ ಚೌಕಗಳು, ಅದರಲ್ಲಿ ಸುದ್ದಿ ಓದುವವರು, ವಾದ ಮಾಡುವವರು. ಈಗಿನ ಸುದ್ದಿ ಚಾನೆಲ್ ನೋಡುವ ಹುಡುಗರಿಗೆ ಅದು ಹಳೆಯದು ಅನಿಸುವುದೇ ಇಲ್ಲ.

ಇವೆಲ್ಲ ಅದೇ ಹೊತ್ತಿಗೆ ಏಕೆ ಬಂದವು ಅನ್ನುವುದನ್ನೂ ಅವನಿಗೆ ಹೇಳಿ. 1954ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಕಾಮಿಕ್ಸ್‌ನಿಂದ ಮಕ್ಕಳು ಕೆಡುತ್ತಾರಾ ಎಂದು ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ಏನನ್ನು ತೋರಿಸಬಾರದು ಎಂದು ತಾವೇ ಒಂದು ನಿಯಮಾವಳಿ ಮಾಡಿಕೊಂಡರು. ಅದರ ಮುದ್ರೆ ಇಲ್ಲದ ಸಂಚಿಕೆಯನ್ನು ಪತ್ರಿಕೆ ಮಾರುವ ಅಂಗಡಿಯವರು ಇಡುತ್ತಿರಲಿಲ್ಲ. 1970ರ ದಶಕದಲ್ಲಿ ಕಾಮಿಕ್ಸ್‌ಗಾಗಿಯೇ ಅಂಗಡಿಗಳು ಹುಟ್ಟಿಕೊಂಡವು. ಆ ಅಂಗಡಿಯವರು ಮಾರಾಟವಾಗದ್ದನ್ನು ವಾಪಸ್ ಕೊಡದ ಷರತ್ತಿನ ಮೇಲೆ ನೇರವಾಗಿ ತರಿಸಿಕೊಳ್ಳುತ್ತಿದ್ದರು. ಗಿರಾಕಿಗಳು ದೊಡ್ಡವರು. ಅಲ್ಲಿ ಮುದ್ರೆ ಬೇಕಾಗಿರಲಿಲ್ಲ. ಮಾಮೂಲಿ ಸಂಚಿಕೆಗೆ 75 ಸೆಂಟ್ ಇದ್ದಾಗ ಡಾರ್ಕ್ ನೈಟ್‌ನ ಒಂದೊಂದು ಸಂಚಿಕೆಗೆ 2 ಡಾಲರ್ 95 ಸೆಂಟ್. ಒಳ್ಳೆಯ ಕಾಗದ, ಪುಸ್ತಕದ ಹಾಗೆ ಬೆನ್ನು. ಆ ಅಂಗಡಿಗಳು ಇಲ್ಲದಿದ್ದರೆ ಇಷ್ಟು ಬೆಲೆಯ ಕಾಮಿಕ್ಸ್ ಮಾರಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ಮೌಸ್ ಮಾತ್ರ ಬೇರೆ ದಾರಿ ಹಿಡಿದು ಮಾಮೂಲಿ ಪುಸ್ತಕದಂಗಡಿಗೆ ಹೋಯಿತು.

ಆ ವರ್ಷವೇ ಕಾಮಿಕ್ಸ್ ದಿಢೀರ್ ಎಂದು ದೊಡ್ಡವರದಾಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಜಪಾನಿನಲ್ಲಿ ಹಿರೋಷಿಮಾ ಬಾಂಬಿನ ಕಥೆ ಹೇಳುವ ಬೇರ್‌ಫುಟ್ ಜೆನ್ 1973ರಲ್ಲೇ ಶುರುವಾಗಿತ್ತು. ವಿಲ್ ಐಸ್ನರ್ ನ್ಯೂಯಾರ್ಕಿನ ಬಡ ಯಹೂದಿ ಕೇರಿಯ ಕಥೆಗಳನ್ನು 1978ರಲ್ಲೇ ತಂದಿದ್ದರು. 1986ರಲ್ಲಿ ಆದದ್ದು ಏನೆಂದರೆ, ಕಾಮಿಕ್ಸ್ ಓದದವರೂ ತಿರುಗಿ ನೋಡಿದರು.

ಚಿತ್ರ ಬರೆಯುವವರು, ಮೈಸೂರು:
ವಾಚ್‌ಮೆನ್ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಅಲನ್ ಮೂರ್ ಬರೆದದ್ದು, ಚಿತ್ರ ಡೇವ್ ಗಿಬನ್ಸ್, ಬಣ್ಣ ಜಾನ್ ಹಿಗಿನ್ಸ್. 12 ಸಂಚಿಕೆ, 1986ರಲ್ಲಿ ಶುರುವಾಗಿ 1987ರಲ್ಲಿ ಮುಗಿಯಿತು. ಅಕ್ಕ, ಇದನ್ನು ಮಾತ್ರ ಅವಸರದಲ್ಲಿ ಓದಬೇಡಿ. ಒಂದು ಕೂತಕ್ಕೆ ಒಂದೇ ಅಧ್ಯಾಯ ಸಾಕು. ಪುಟವನ್ನು ಸಾಲಿಗೆ ಮೂರರಂತೆ ಒಂಬತ್ತು ಚೌಕಗಳಾಗಿ ಭಾಗ ಮಾಡಿದ್ದಾರೆ. ಹೆಚ್ಚು ಕಡಿಮೆ ಇಡೀ ಪುಸ್ತಕ ಈ ಅಳತೆಯಲ್ಲೇ ನಡೆಯುತ್ತದೆ, ತಾಳ ತಪ್ಪದ ಹಾಡಿನ ಹಾಗೆ. ಎಲ್ಲಾದರೂ ಮೂರು ಚೌಕ ಸೇರಿ ಒಂದಾದರೆ ಕಣ್ಣು ತಾನಾಗಿ ನಿಲ್ಲುತ್ತದೆ. ಐದನೇ ಅಧ್ಯಾಯವನ್ನು ಓದಿ ಮುಗಿಸಿದ ಮೇಲೆ ಮೊದಲ ಪುಟ ಮತ್ತು ಕೊನೆಯ ಪುಟವನ್ನು ಪಕ್ಕಪಕ್ಕ ಇಟ್ಟು ನೋಡಿ. ಕನ್ನಡಿ ಹಿಡಿದಂತೆ ಜೋಡಿಸಿದ್ದಾರೆ. ಒಳಗಿನ ಪುಟಗಳೂ ಹಾಗೇ ಒಂದಕ್ಕೊಂದು ಹೊಂದುತ್ತವೆ. ನಾನು ಆ ಪುಟಗಳನ್ನು ಪೆನ್ಸಿಲಿನಲ್ಲಿ ನಕಲು ಮಾಡಿ ಕಲಿತವನು. ಮಗನಿಗೆ ಚಿತ್ರದ ಒಲವಿದ್ದರೆ ಅವನಿಗೂ ಹೇಳಿ.

ಕಥೆ ನಡೆಯುವುದು ಕಲ್ಪನೆಯ ಬೇರೊಂದು 1985ರಲ್ಲಿ. ಅಮೆರಿಕ, ಸೋವಿಯತ್ ಒಕ್ಕೂಟ ಅಣುಯುದ್ಧದ ಅಂಚಿನಲ್ಲಿವೆ. ಅಧ್ಯಾಯದಿಂದ ಅಧ್ಯಾಯಕ್ಕೆ ಗಡಿಯಾರದ ಮುಳ್ಳು ಮಧ್ಯರಾತ್ರಿಯತ್ತ ಸರಿಯುತ್ತದೆ. ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣು ಸ್ಥಾವರದ ದುರಂತ ಆದದ್ದು 1986ರ ಏಪ್ರಿಲ್‌ನಲ್ಲಿ. ಆ ಭಯ ಆಗಿನ ಓದುಗರಿಗೆ ಕಥೆಯ ಮಾತಾಗಿರಲಿಲ್ಲ. ಇದನ್ನು ಮಗನಿಗೆ ಮೊದಲೇ ಹೇಳದಿದ್ದರೆ ಕೊನೆ ಅವನಿಗೆ ಹಿಡಿಯುವುದಿಲ್ಲ.

ಇನ್ನೊಂದು ಮಾತು. ವಾಚ್‌ಮೆನ್, ಡಾರ್ಕ್ ನೈಟ್ ಎರಡರ ನಂತರ ಬಂದ ರಾಶಿ ರಾಶಿ ಸೂಪರ್‌ಹೀರೋ ಕಾಮಿಕ್ಸ್ ರಕ್ತ, ಸಿಟ್ಟು, ಕತ್ತಲನ್ನು ಎತ್ತಿಕೊಂಡು ಕೌಶಲ ಬಿಟ್ಟವು. ಮೂರ್ ಅವರೇ ಈ ಬಗ್ಗೆ ಬೇಸರ ತೋಡಿಕೊಂಡಿದ್ದಾರೆ. ಸುಮ್ನೆ ಕವರ್ ನೋಡಿ ಆ ಸಾಲಿನವನ್ನು ಕೊಳ್ಳಬೇಡಿ.

ಇಬ್ಬರು ಮಕ್ಕಳ ತಾಯಿ, ನ್ಯೂಜೆರ್ಸಿ:
ವಯಸ್ಸಿನ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ವಾಚ್‌ಮೆನ್‌ನಲ್ಲಿ ಅತ್ಯಾಚಾರದ ಯತ್ನದ ದೃಶ್ಯ ಇದೆ, ನಗ್ನತೆ ಇದೆ, ಒಂದು ಮಗುವಿನ ಕೊಲೆಯ ಪ್ರಸಂಗ ಇದೆ. ನನ್ನ ಮಕ್ಕಳಿಗೆ ನಾನು ಇಲ್ಲಿನ ಹೈಸ್ಕೂಲಿನ ಕೊನೆಯವರೆಗೆ, ಅಂದರೆ ಹನ್ನೆರಡನೇ ತರಗತಿಯವರೆಗೆ, ಕೊಡಲಿಲ್ಲ. ಡಾರ್ಕ್ ನೈಟ್‌ನಲ್ಲಿ ಹೊಡೆದಾಟ ಬಹಳ ಕ್ರೂರವಾಗಿದೆ, 15-16ಕ್ಕೆ ಪರವಾಗಿಲ್ಲ. ಮೌಸ್‌ನಲ್ಲಿ ಸಾವು ಇದೆ, ಲೇಖಕರ ತಾಯಿಯ ಆತ್ಮಹತ್ಯೆ ಇದೆ. 2022ರಲ್ಲಿ ಟೆನೆಸಿ ರಾಜ್ಯದ ಮ್ಯಾಕ್‌ಮಿನ್ ಕೌಂಟಿಯ ಶಾಲಾ ಮಂಡಳಿ ಕೆಲವು ಬೈಗುಳ ಮತ್ತು ಒಂದು ಬೆತ್ತಲೆ ಚಿತ್ರದ ಕಾರಣ ಕೊಟ್ಟು ಎಂಟನೇ ತರಗತಿಯ ಪಾಠದಿಂದ ಅದನ್ನು ತೆಗೆದುಹಾಕಿತು. ಸುದ್ದಿಯಾದ ಮೇಲೆ ಪುಸ್ತಕದ ಮಾರಾಟ ಮೇಲೇರಿತು. ಆ ನಿರ್ಧಾರ ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೆ ತಾಯಿಯ ಸಾವಿನ ಆ ಕೆಲವು ಪುಟ ಓದುವಾಗ ನೀವು ಮನೆಯಲ್ಲೇ ಇರಿ. ಓದಿದ ಮೇಲೆ ಮಕ್ಕಳಿಗೆ ಮಾತಾಡಲು ಯಾರಾದರೂ ಬೇಕಾಗುತ್ತದೆ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಮೌಸ್ ಸಂಪೂರ್ಣ ಆವೃತ್ತಿಗೆ ಆರ್ಡರ್ ಹಾಕಿದೆ. ಮಗನಿಗೆ ಡಾರ್ಕ್ ನೈಟ್ ಪಕ್ಕದ ಮನೆಯವರ ಹತ್ತಿರ ಸಿಕ್ಕಿತು. ಇನ್ನೊಂದು ಪ್ರಶ್ನೆ: ವಾಚ್‌ಮೆನ್‌ಗೆ ಬದಲು ಅದರ ಸಿನಿಮಾ ನೋಡಿದರೆ ಆಗುವುದಿಲ್ಲವೇ? ನಮ್ಮ ದೇಶದಲ್ಲಿ ಈ ಥರದ್ದು ಏನಿದೆ?

ಚಿತ್ರ ಬರೆಯುವವರು, ಮೈಸೂರು:
2009ರ ಸಿನಿಮಾ ಕಥೆಯನ್ನು ಬಹುಮಟ್ಟಿಗೆ ಹಾಗೇ ಹೇಳುತ್ತದೆ, ಕೊನೆಯನ್ನು ಮಾತ್ರ ಬದಲಿಸಿದೆ. ಆದರೆ ನಾನು ಹೇಳಿದ ಕನ್ನಡಿ ಜೋಡಣೆ ಪರದೆಯ ಮೇಲೆ ಬರಲು ಸಾಧ್ಯವಿಲ್ಲ. ಸಿನಿಮಾ ತನ್ನ ವೇಗದಲ್ಲಿ ಓಡುತ್ತದೆ, ಪುಸ್ತಕದಲ್ಲಿ ಹಿಂದಕ್ಕೆ ತಿರುವುವವರು ನೀವು. ಅಧ್ಯಾಯಗಳ ಕೊನೆಯಲ್ಲಿ ಪತ್ರ, ವರದಿ, ಆತ್ಮಕಥೆಯ ತುಣುಕು ಅಂತ ಬರೀ ಅಕ್ಷರದ ಪುಟಗಳಿವೆ. ಹಾರಿಸಬೇಡಿ, ಅರ್ಧ ಕಥೆ ಅಲ್ಲೇ ಇದೆ. ಎರಡು ವರ್ಷ ಬಿಟ್ಟು ಪುಸ್ತಕವನ್ನೇ ಕೊಡಿ.

ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವರು, ಧಾರವಾಡ:
ನಮ್ಮ ದೇಶದ್ದಕ್ಕೆ ಎರಡು ಹೇಳುತ್ತೇನೆ. ಓರಿಜಿತ್ ಸೇನ್ ಅವರ ರಿವರ್ ಆಫ್ ಸ್ಟೋರೀಸ್, 1994. ನರ್ಮದಾ ಅಣೆಕಟ್ಟು ವಿರೋಧಿ ಹೋರಾಟದ್ದು. ಇನ್ನೊಂದು 2011ರ ಭೀಮಾಯಣ. ಅಂಬೇಡ್ಕರ್ ಬದುಕನ್ನು ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಚಿತ್ರಿಸಿದ್ದಾರೆ. ಇದರಲ್ಲಿ ಚೌಕಗಳೇ ಇಲ್ಲ. ಗೊಂಡರು ಗೋಡೆಯ ಮೇಲೆ ಬಿಡಿಸುವ ದಿಗ್ನಾ ವಿನ್ಯಾಸದ ಬಳ್ಳಿಗಳೇ ಪುಟವನ್ನು ಭಾಗ ಮಾಡುತ್ತವೆ. ಕಟುವಾದ ಮಾತಿಗೆ ಚೇಳಿನ ಕೊಂಡಿಯಂಥ ಬಾಲ, ಮೃದು ಮಾತಿಗೆ ಹಕ್ಕಿಯ ಆಕಾರ. ಮೌಸ್ ಮುಗಿಸಿದ ಮೇಲೆ ಇದನ್ನು ತರಿಸಿ. ಹತ್ತನೇ ಕ್ಲಾಸ್ ಮುಗಿಸಿದವನಿಗೆ ವಯಸ್ಸಿನ ಚಿಂತೆ ಇಲ್ಲದೆ ಕೊಡಬಹುದು.