ಜರ್ಮನ್ ಪದ ಒಂದೇ ವಾರಕ್ಕೆ ಮರ್ತೋಗುತ್ತೆ, ಏನ್ ಮಾಡ್ಲಿ?

ಬೆಣ್ಣೆದೋಸೆ: ಜರ್ಮನ್ ಎ2 (ಎರಡನೇ ಹಂತದ) ಎಕ್ಸಾಮ್ ಮುಂದಿನ ತಿಂಗ್ಳಿದೆ. ಭಾನುವಾರ ಒಂದೇ ಸಲ ಕೂತು 100 ಪದ ಉರು ಹೊಡೀತೀನಿ, ರಾತ್ರಿ ಎಲ್ಲಾ ಪಟಪಟ ಬರುತ್ತೆ, ಮುಂದಿನ ಭಾನುವಾರ ನೋಡಿದ್ರೆ ಚಮಚಕ್ಕೆ ಡೆರ್, ಫೋರ್ಕಿಗೆ ಡೀ, ಚಾಕುಗೆ ದಾಸ್ ಅಂತ ಪದದ ಮುಂದೆ ಬರೋ ಲಿಂಗ ತೋರ್ಸೋ ಪದಗಳೂ ಮರ್ತೋಗಿರುತ್ತೆ. ನನ್ ತಲೆನೇ ಸರಿ ಇಲ್ವಾ?

ಸಂಜೆಮಳೆ: ತಲೆ ಸರಿಯಾಗೇ ಇದೆ ಗುರು, ಟೈಮ್‌ಟೇಬಲ್ ಸರಿ ಇಲ್ಲ. 1885ರಲ್ಲೇ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ (ಅವ್ನೂ ಜರ್ಮನ್ನವ್ನೇ!) ತನ್ ಮೇಲೇ ಪ್ರಯೋಗ ಮಾಡ್ಕೊಂಡು ಒಂದೇ ಸಲ ಉರು ಹೊಡೆಯೋದಕ್ಕಿಂತ ದಿನ ಬಿಟ್ಟು ಬಿಟ್ಟು ಓದಿದ್ರೆ ಚೆನ್ನಾಗಿ ನೆನಪಿರುತ್ತೆ ಅಂತ ಹೇಳಿದ್ದ. 1993ರಲ್ಲಿ ಬಾರಿಕ್ ಅನ್ನೋ ಮನಶ್ಶಾಸ್ತ್ರಜ್ಞರು ಮನೆಯವ್ರನ್ನೇ ಸೇರಿಸ್ಕೊಂಡು, ಒಟ್ಟು 4 ಜನ, 300 ವಿದೇಶಿ ಪದ ಕಲಿತ್ರು, 56 ದಿನಕ್ಕೊಂದ್ಸಲ 13 ಸಲ ಓದಿದ್ದು, 14 ದಿನಕ್ಕೊಂದ್ಸಲ 26 ಸಲ ಓದಿದ್ದಕ್ಕೆ ಸಮ ಆಯ್ತಂತೆ. ಅರ್ಧ ಕೆಲಸ!

ಕಾಫಿತೋಟ: ಹೌದು, ಆದ್ರೆ ಅವ್ರು ವರ್ಷಗಟ್ಲೆ ನೆನಪಿರುತ್ತಾ ಅಂತ ನೋಡಿದ್ದು, ಇವ್ರಿಗೆ ಎಕ್ಸಾಮೇ ಮುಂದಿನ ತಿಂಗ್ಳು, 56 ದಿನ ಕಾಯಕ್ಕಾಗುತ್ತಾ? ದಿನಾ 15 ಪದ ತಗೊಳಿ, ನಾಳೆ, ಮೂರ್ ದಿನ ಬಿಟ್ಟು, ಆಮೇಲೆ ವಾರ ಬಿಟ್ಟು ನೋಡಿ. ಉತ್ತರ ಮುಚ್ಚಿಟ್ಟು ನೆನಪಿಸ್ಕೊಬೇಕು, ಸುಮ್ನೆ ಕಣ್ಣಾಡ್ಸಿದ್ರೆ ಆಗಲ್ಲ. ಆಂಕಿ ಅನ್ನೋ ಫ್ಲ್ಯಾಶ್‌ಕಾರ್ಡ್ ಆ್ಯಪ್ ಯಾವ್ ಕಾರ್ಡ್ ಯಾವಾಗ ನೋಡ್ಬೇಕು ಅಂತ ಲೆಕ್ಕ ಇಟ್ಕೊಳುತ್ತೆ, ಒಂದ್ ವಾರ ಬಿಟ್ರೆ ಮಾತ್ರ ಕಾರ್ಡು ಬೆಟ್ಟ ಆಗುತ್ತೆ, ಅನುಭವ 😅

ಬೆಣ್ಣೆದೋಸೆ: ಸರಿ, ಇವತ್ತಿಂದಾನೇ ಶುರು, ಡೆರ್-ಡೀ-ದಾಸ್ ಸೇರ್ಸೇ ಕಾರ್ಡ್ ಬರೀತೀನಿ.