ಒಂಟಿ ದ್ವೀಪದ ಮೊದಲ ನೂರು ಟರ್ನ್

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಅಳಿಯ ಈ ಗುಂಪಿನಲ್ಲಿ ಒಂದು ಚಿತ್ರ ಹಾಕಿ, ‘ಮಾವಾ, ದ್ವೀಪದಲ್ಲಿ ಒಬ್ಬನೇ ಸಿಕ್ಕಿಹಾಕಿಕೊಂಡಿದ್ದೆ, ಯಾರೂ ಮೇಲೆ ಬೀಳಲಿಲ್ಲ, ಆದರೂ ಸೋತೆ, ತಪ್ಪಿದ್ದೆಲ್ಲಿ?’ ಎಂದು ಕೇಳಿದ್ದನ್ನು ಓದಿ ದೊಡ್ಡಮ್ಮ ಗಾಬರಿಯಾಗಿ ಬೆಳಿಗ್ಗೆ ಆರೂವರೆಗೆ ನನಗೆ ಫೋನ್ ಮಾಡಿದರು. ದೊಡ್ಡಮ್ಮಾ, ಅವನು ಮಂಗಳೂರಿನ ರೂಮಿನಲ್ಲಿ ಕ್ಷೇಮವಾಗಿದ್ದಾನೆ. ದ್ವೀಪ ಇರುವುದು ಸಿವಿಲೈಸೇಶನ್ 4 ಎಂಬ ಕಂಪ್ಯೂಟರ್ ಆಟದಲ್ಲಿ, 2005ರಲ್ಲಿ ಬಂದದ್ದು. ಆಟಿ ತಿಂಗಳಲ್ಲಿ ನೀವು ಚೆನ್ನೆಮಣೆ ಆಡುವಾಗ ಒಬ್ಬರ ಕೈ ಮುಗಿಯುವವರೆಗೆ ಇನ್ನೊಬ್ಬರು ಕಾಯಿ ಮುಟ್ಟುವಂತಿಲ್ಲವಲ್ಲ, ಇದೂ ಹಾಗೆಯೇ ಸರದಿಯ ಆಟ. ಕ್ರಿಸ್ತಪೂರ್ವ 4000ದಲ್ಲಿ ಒಂದು ಊರು ಕಟ್ಟಿ ಆರಂಭಿಸಿ, ವಿದ್ಯೆಗಳನ್ನು ಕಲಿಯುತ್ತ ಈ ಕಾಲದವರೆಗೆ ರಾಜ್ಯವನ್ನು ತರಬೇಕು. ಟೈಪ್ ಮಾಡುವಷ್ಟು ತಾಳ್ಮೆ ನನಗಿಲ್ಲದ ಕಾರಣ ಉಳಿದದ್ದನ್ನು ಬಾಯಿಯಲ್ಲೇ ಹೇಳುತ್ತಿದ್ದೇನೆ. ನಡುವೆ ಹೆಂಚಿನ ಮೇಲೆ ಮಳೆಯ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ.

ಇನ್ನು ನಿನ್ನ ವಿಷಯ, ಅಳಿಯಾ. ನೀನು ಕಳಿಸಿದ ಸೇವ್ ಫೈಲುಗಳನ್ನು ತೆರೆದು ನೋಡಿದೆ. ಅಶೋಕನನ್ನು ಆರಿಸಿಕೊಂಡದ್ದರಲ್ಲಿ ತಪ್ಪಿಲ್ಲ. ಅವನ ರಾಜ್ಯವಾದ ಭಾರತಕ್ಕೆ ಮೈನಿಂಗ್ ಎಂಬ ಗಣಿವಿದ್ಯೆ ಮೊದಲೇ ತಿಳಿದಿರುವುದರಿಂದ ನೇರವಾಗಿ ಬ್ರಾಂಜ್ ವರ್ಕಿಂಗ್, ಅಂದರೆ ಕಂಚಿನ ವಿದ್ಯೆಗೆ ಹೋಗಬಹುದು; ಹೊಲ, ಗಣಿ, ದಾರಿ ಮಾಡುವ ವರ್ಕರ್ ಬೇರೆಯವರಲ್ಲಿ ನಕ್ಷೆಯ ಎರಡು ಮನೆ ನಡೆಯುವಲ್ಲಿ ನಮ್ಮವನು ಮೂರು ಮನೆ ನಡೆಯುತ್ತಾನೆ. ಇಷ್ಟೆಲ್ಲ ಅನುಕೂಲವಿದ್ದೂ ನೀನು 60ನೆಯ ಟರ್ನಿನವರೆಗೆ ಒಂದೇ ಊರಿನಲ್ಲಿ ಕುಳಿತು ಸ್ಟೋನ್‌ಹೆಂಜ್ ಕಟ್ಟಿದೆ, ಅದು ಮುಗಿದ ಮೇಲೆ ಗ್ರೇಟ್ ವಾಲ್ ಕಟ್ಟಿದೆ. ಆ ಗೋಡೆ ಯಾರನ್ನು ತಡೆಯಲು? ಬಾರ್ಬೇರಿಯನ್‌ಗಳನ್ನು, ಅಂದರೆ ಯಾವ ರಾಜ್ಯಕ್ಕೂ ಸೇರದ ದಾಳಿಕೋರರನ್ನು ತಡೆಯಲು ಎನ್ನುತ್ತೀಯ. ಆದರೆ ಅವರು ದ್ವೀಪದಲ್ಲಿ ಹುಟ್ಟುವುದು ನಮ್ಮ ಕಣ್ಣಿಗೆ ಕಾಣದೆ ಕತ್ತಲೆ ಮುಸುಕಿರುವ ಮನೆಗಳಲ್ಲಿ ಮಾತ್ರ. ನಿನ್ನಂತಹ ಸಣ್ಣ ದ್ವೀಪದಲ್ಲಿ ಮೂರು ನಾಲ್ಕು ಗುಡ್ಡಗಳ ಮೇಲೆ ಒಬ್ಬೊಬ್ಬ ವಾರಿಯರನ್ನು ನಿಲ್ಲಿಸಿ ನೆಲವಿಡೀ ಕಾಣುವಂತೆ ಮಾಡಿದ್ದರೆ ಅವರು ಅಲ್ಲಿ ಹುಟ್ಟುವುದೇ ಇಲ್ಲ. ನಾಲ್ಕು ವಾರಿಯರುಗಳ ಖರ್ಚಿನಲ್ಲಿ ಮುಗಿಯುವ ಕೆಲಸಕ್ಕೆ ನೀನು ಒಂದು ಜಗದ್ವಿಸ್ಮಯವನ್ನೇ ಕಟ್ಟಿಸಿದೆ.

ಒಂಟಿಯಾಗಿರುವವನಿಗೆ ನೆರೆಯವರ ಭಯವಿಲ್ಲ ಎಂಬುದು ನಿಜ, ಆದರೆ ನೆರೆಯವರಿಂದ ಸಿಗುವುದೂ ಇಲ್ಲ ಎಂಬುದನ್ನು ನೀನು ಲೆಕ್ಕಕ್ಕೆ ಹಿಡಿದಿಲ್ಲ. ನಮಗೆ ಪರಿಚಯವಿರುವ ರಾಜ್ಯಗಳಿಗೆ ಒಂದು ವಿದ್ಯೆ ಮೊದಲೇ ಗೊತ್ತಿದ್ದರೆ ಅದನ್ನು ಕಲಿಯುವ ಖರ್ಚು ನಮಗೆ ಕಡಿಮೆಯಾಗುತ್ತದೆ. ಆಚೆಯ ಖಂಡದಲ್ಲಿ ಐದಾರು ರಾಜರು ಈ ರಿಯಾಯಿತಿಯನ್ನೂ ಪಡೆದು, ಪರಸ್ಪರ ವಿದ್ಯೆಗಳನ್ನು ಬದಲಾಯಿಸಿಕೊಂಡೂ ಮುಂದೆ ಹೋಗುತ್ತಿರುವಾಗ, ನೀನು ಪ್ರತಿಯೊಂದಕ್ಕೂ ಪೂರ್ತಿ ಬೆಲೆ ಕೊಡುತ್ತಿದ್ದೀಯ. ಟ್ರೇಡ್ ರೂಟಿನ ಕಥೆಯೂ ಅದೇ. ನಮ್ಮ ಊರಿನಿಂದ ನಮ್ಮದೇ ಊರಿಗೆ ಮಾಡುವ ವ್ಯಾಪಾರದಲ್ಲಿ ಹುಟ್ಟುವುದು ಒಂದೊಂದು ನಾಣ್ಯ. ಹಾಗಾಗಿ ಗ್ರೇಟ್ ಲೈಟ್‌ಹೌಸ್ ಕಟ್ಟಿದರೆ ಕಡಲಂಚಿನ ಪ್ರತಿಯೊಂದು ಊರಿಗೂ ಎರಡು ಟ್ರೇಡ್ ರೂಟ್ ಹೆಚ್ಚು ಸಿಗುತ್ತದೆಂದು ಎಲ್ಲರೂ ಹೊಗಳಿದರೂ, ಒಂಟಿ ದ್ವೀಪದಲ್ಲಿ ಅದು ಊರುಗಳನ್ನು ನಡೆಸುವ ಖರ್ಚಾದ ಮೇಂಟೆನೆನ್ಸ್ ತುಂಬಿಸುವಷ್ಟಕ್ಕೆ ಮಾತ್ರ ಒದಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಆರಂಭವನ್ನು ನಾನಾಗಿದ್ದರೆ ಹೀಗೆ ನಡೆಸುತ್ತಿದ್ದೆ. ಮೊದಲು ವರ್ಕರ್. ಅವನು ಸಿದ್ಧನಾದ ಮೇಲೆ ವಾರಿಯರುಗಳನ್ನು ಮಾಡುತ್ತ ಊರಿನ ಜನಸಂಖ್ಯೆಯನ್ನು ಮೂರು ನಾಲ್ಕರವರೆಗೆ ಬೆಳೆಯಲು ಬಿಟ್ಟು ಆಮೇಲೆ ಹೊಸ ಊರು ಕಟ್ಟುವ ಸೆಟ್ಲರನ್ನು ಹಿಡಿಯಬೇಕು. ಸೆಟ್ಲರ್ ತಯಾರಾಗುವಷ್ಟು ಕಾಲವೂ ಊರು ಬೆಳೆಯುವುದಿಲ್ಲವಾದ್ದರಿಂದ ಆತುರಪಟ್ಟರೆ ಎರಡೂ ಕುಂಟುತ್ತವೆ. ಬ್ರಾಂಜ್ ವರ್ಕಿಂಗ್ ಬಂದರೆ ಕಾಡು ಕಡಿದು ಕೆಲಸವನ್ನು ಬೇಗ ಮುಗಿಸಬಹುದು, ಸ್ಲೇವರಿ ಎಂಬ ಆಡಳಿತ ಪದ್ಧತಿಗೆ ಬದಲಾದರೆ ಒಂದು ಜನಸಂಖ್ಯೆಯನ್ನು ಕೊಟ್ಟು 30 ಹ್ಯಾಮರ್, ಅಂದರೆ ಅಷ್ಟು ಅಳತೆಯ ಕಟ್ಟುವ ಕೆಲಸ, ಪಡೆಯಬಹುದು, ಆದರೆ ಊರಿನವರ ಸಿಟ್ಟು ಹತ್ತು ಟರ್ನ್ ಉಳಿಯುತ್ತದೆ. ಊರುಗಳ ಸಂಖ್ಯೆಯೂ ದೂರವೂ ಹೆಚ್ಚಿದಂತೆ ಮೇಂಟೆನೆನ್ಸ್ ಏರುವುದರಿಂದ ಐದನೆಯ ಊರಿನ ಹೊತ್ತಿಗೆ ಸ್ವಲ್ಪ ನಿಂತು, ಕೋಡ್ ಆಫ್ ಲಾಸ್ ವಿದ್ಯೆ ಕಲಿತು ಆ ಖರ್ಚನ್ನು ಇಳಿಸುವ ಕೋರ್ಟ್‌ಹೌಸ್ ಕಟ್ಟು. ಅಶೋಕನಿಗೆ ಅದನ್ನು ಕಟ್ಟಲು ಬೇರೆಯವರ ಅರ್ಧ ಕಾಲ ಸಾಕು. ಜನ ಬೇಸರಗೊಂಡರೆ ಮೊನಾರ್ಕಿ ವಿದ್ಯೆ ಕಲಿತು ಹೆರಿಡಿಟರಿ ರೂಲ್ ಎಂಬ ಆಡಳಿತ ಪದ್ಧತಿ ಇಟ್ಟುಕೋ, ಊರಿನಲ್ಲಿ ನಿಂತ ಒಬ್ಬೊಬ್ಬ ಸೈನಿಕನಿಗೂ ಒಂದೊಂದು ನಗುಮುಖ ಹೆಚ್ಚುತ್ತದೆ. ಯುದ್ಧವಿಲ್ಲದ ದ್ವೀಪದಲ್ಲಿ ಸಿಪಾಯಿಗಳಿಂದಾಗುವ ದೊಡ್ಡ ಉಪಯೋಗ ಇದೇ.

ನೀನು ಆಲ್ಫಾಬೆಟ್‌ಗೆ ಅಷ್ಟು ಬೇಗ ಓಡಿದ್ದೇಕೆಂದು ನನಗೆ ಅರ್ಥವಾಗಲಿಲ್ಲ. ಅದು ವಿದ್ಯೆ ಬದಲಾಯಿಸಿಕೊಳ್ಳಲು ಬೇಕಾದದ್ದು, ಬದಲಾಯಿಸಿಕೊಳ್ಳಲು ಎದುರಿಗೆ ಜನವಾದರೂ ಬೇಡವೇ? ಅದರ ಬದಲು ರೈಟಿಂಗ್ ಕಲಿತು ಲೈಬ್ರರಿ ಕಟ್ಟಿ, ಎರಡು ಸೈಂಟಿಸ್ಟ್‌ಗಳನ್ನು ಅಲ್ಲಿ ಕೂರಿಸು. ಮಹಾಪುರುಷರು ಹುಟ್ಟಲು ಬೇಕಾದ ಪಾಯಿಂಟುಗಳು ಟರ್ನಿಗೆ ಆರರಂತೆ ಸೇರಿ 17 ಟರ್ನಿನಲ್ಲಿ ನೂರು ದಾಟಿ ಗ್ರೇಟ್ ಸೈಂಟಿಸ್ಟ್ ಸಿಗುತ್ತಾನೆ, ಅವನಿಂದ ರಾಜಧಾನಿಯಲ್ಲಿ ಅಕಾಡೆಮಿ ಕಟ್ಟಿಸಿದರೆ ಸಂಶೋಧನೆ ಶೇ. 50 ಹೆಚ್ಚುತ್ತದೆ. ನಮ್ಮ ಗುಡ್ಡಗಳಲ್ಲಿ ಮುರಕಲ್ಲು ಕೊರೆದು ಸುರಂಗ ತೋಡುತ್ತಾರಲ್ಲ, ತೋಡುವಾಗ ಎಷ್ಟೋ ದಿನ ಬರೀ ಮಣ್ಣು ಹೊತ್ತದ್ದೇ ಆಗುತ್ತದೆ, ಸೆಲೆ ಸಿಕ್ಕಿದ ಮೇಲೆ ಪಂಪಿನ ಹಂಗಿಲ್ಲದೆ ನೀರು ತಾನಾಗಿ ತೋಟಕ್ಕೆ ಇಳಿಯುತ್ತದೆ. ಹೊರಗಿನಿಂದ ಏನೂ ಬಾರದ ಈ ದ್ವೀಪಕ್ಕೂ ಅಂಥದ್ದೇ ಏರ್ಪಾಡು ಬೇಕು.

ಇಷ್ಟು ಮಾಡಿಯೂ ನಾನೊಮ್ಮೆ ನಿನ್ನ ಹಾಗೆಯೇ ಕೆಟ್ಟಿದ್ದೇನೆ. ಗ್ಯಾಲಿ ಇರುವುದು ಬೇಕಲದಿಂದ ಕುಂಬಳೆಗೆ ದಡ ಹಿಡಿದು ಹೋಗುವ ದೋಣಿಯಂತೆ, ಆಳ ಕಡಲಿಗೆ ಇಳಿಯುವುದಿಲ್ಲ. ಕಡಲು ದಾಟಲು ಕ್ಯಾರವೆಲ್ ಎಂಬ ಹಡಗು ಬೇಕು, ಅದಕ್ಕೆ ಆಪ್ಟಿಕ್ಸ್ ಎಂಬ ವಿದ್ಯೆ ಬೇಕು, ಆಪ್ಟಿಕ್ಸ್‌ಗೆ ಮೊದಲು ಮಷೀನರಿ, ಕಂಪಾಸ್ ಎಂಬ ಎರಡು ವಿದ್ಯೆಗಳೂ ಬೇಕು. ಇದು ಬಹಳ ದೂರದ ದಾರಿ ಎಂದು ಮುಂದೂಡುತ್ತ ನಾನು ದೇವಸ್ಥಾನ, ಪಿರಮಿಡ್ ಎಂದು ಕಟ್ಟಿಸಿಕೊಂಡು ಹಾಯಾಗಿದ್ದೆ. ಒಂದು ದಿನ ನಮ್ಮ ಮೀನಿನ ದೋಣಿಗಳ ಪಕ್ಕದಲ್ಲಿ ಯಾರದೋ ಹಡಗು ಬಂದು ನಿಂತಿತು. ಮಾತುಕತೆಯ ಪರದೆ ತೆರೆದು ನೋಡಿದರೆ ಆ ರಾಜನ ಬಳಿ ಗನ್‌ಪೌಡರ್ ಇತ್ತು, ನನ್ನ ಬಳಿ ಬಿಲ್ಲುಗಾರರಿದ್ದರು. ನಿನ್ನ ಆಟದಲ್ಲಿ ಇದು ನಡೆದದ್ದು ಕ್ರಿ.ಶ. 1300ರ ಆಸುಪಾಸಿನಲ್ಲಿ ಎಂದು ಕಾಣುತ್ತದೆ.

ಆದ್ದರಿಂದ ಅಕಾಡೆಮಿ ಎದ್ದ ಕೂಡಲೇ ಆಪ್ಟಿಕ್ಸ್ ಕಡೆಗೆ ತಿರುಗಿ, ಒಂದು ಕ್ಯಾರವೆಲನ್ನು ಪೂರ್ವಕ್ಕೂ ಇನ್ನೊಂದನ್ನು ಪಶ್ಚಿಮಕ್ಕೂ ಕಳಿಸು. ಪರಿಚಯ ಬೆಳೆದಷ್ಟೂ ಕಲಿಕೆಯ ಖರ್ಚು ಇಳಿಯುತ್ತದೆ, ಆಗ ಆಲ್ಫಾಬೆಟ್‌ಗೂ ಬೆಲೆ ಬರುತ್ತದೆ. ಎರಡು ಹಡಗುಗಳ ನಡುವೆ ಭೂಮಿಯ ಸುತ್ತು ಮೊದಲು ನೀನೇ ಮುಗಿಸಿದರೆ ನಿನ್ನ ಎಲ್ಲ ಹಡಗುಗಳಿಗೂ ಒಂದೊಂದು ಮನೆ ಹೆಚ್ಚು ನಡೆಯುವ ಶಕ್ತಿ ಸಿಗುತ್ತದೆ. ಕಡಲಾಚೆಯ ವ್ಯಾಪಾರಕ್ಕೆ ಮಾತ್ರ ಆಸ್ಟ್ರಾನಮಿ ವಿದ್ಯೆ ಬರುವವರೆಗೆ ಕಾಯಬೇಕು. ಗ್ರೇಟ್ ಲೈಟ್‌ಹೌಸ್ ಕಟ್ಟಿದ್ದರೆ ಅದರ ನಿಜವಾದ ಫಲ ಕೈಗೆ ಬರುವುದೂ ಆಗಲೇ.

ಶನಿವಾರ ಪೆರ್ಲಕ್ಕೆ ಬರುವಾಗ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಬಾ, ಇಲ್ಲಿ ಮಳೆಗೆ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳುವಂತಿಲ್ಲ. ಕ್ರಿಸ್ತಪೂರ್ವ 4000ದ ಮೊದಲ ಸೇವ್ ಇನ್ನೂ ಅಳಿಸದೆ ಇದ್ದರೆ ಅದೇ ದ್ವೀಪದಲ್ಲಿ ಇನ್ನೊಮ್ಮೆ ಆರಂಭಿಸೋಣ. ಪಕ್ಕದಲ್ಲಿ ಕುಳಿತುಕೊಳ್ಳುವೆನೆಂದು ದೊಡ್ಡಮ್ಮ ಈಗಲೇ ಹೇಳಿದ್ದಾರೆ.