ಪದಚರ್ಚೆ: ಉಣ್ಣೆ ಬಟ್ಟೆ ತಿನ್ನುವ ಹುಳುವಿಗೆ ಕನ್ನಡದಲ್ಲಿ ಏನೆನ್ನಬೇಕು?

ಬಳಗದವರಿಗೆ ನಮಸ್ಕಾರ.

ಕಂಬಳಿ, ಶಾಲು, ಸ್ವೆಟರ್ ಕೊಂಡವರ ಕೈಗೆ ಕೊಡಲೆಂದು ಒಂದು ಪುಟದ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ. ಚಳಿಗಾಲ ಮುಗಿದ ಮೇಲೆ ಎತ್ತಿಟ್ಟ ಉಣ್ಣೆ ಬಟ್ಟೆ ಮತ್ತೆ ಬೇಕಾದಾಗ ತೂತಿಲ್ಲದೆ ಹೊರಬರಬೇಕು ಎಂಬುದಷ್ಟೇ ಅದರ ಉದ್ದೇಶ. ಆದರೆ ತೂತು ಮಾಡುವ ಹುಳುವನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬಲ್ಲೇ ಬರವಣಿಗೆ ನಿಂತಿದೆ.

ಮೊದಲು ಹೊಳೆಯುವುದು ‘ನುಸಿ’. ನುಸಿಗುಳಿಗೆ ಎಲ್ಲರಿಗೂ ಗೊತ್ತಿರುವ ವಸ್ತು. ಕನ್ನಡ ಬೈಬಲಿನಲ್ಲೂ ಕೂಡಿಟ್ಟ ಗಂಟನ್ನು ಹಾಳುಮಾಡುವುದು ನುಸಿ ಮತ್ತು ಕಿಲುಬು. ಆದರೆ ತೆಂಗು ಬೆಳೆಗಾರರಿಗೆ 1990ರ ದಶಕದ ಕೊನೆಯಿಂದ ನುಸಿ ಎಂದರೆ ಎಳೆಗಾಯಿಯ ತೊಟ್ಟಿನ ಬಳಿ ಸೇರಿಕೊಂಡು ರಸ ಹೀರುವ, ಬರಿಗಣ್ಣಿಗೆ ಕಾಣದ ಜೀವಿ. ಅಡುಗೆಮನೆಯಲ್ಲಿ ಅದು ಕಾಳುಕಡ್ಡಿಗೆ ಹಿಡಿಯುವ ಸಣ್ಣ ಹುಳು. ಸಂಜೆ ಹೊತ್ತು ಕಣ್ಣಿಗೆ ಬೀಳುವ ಪುಟ್ಟ ನೊಣಕ್ಕೂ ಕೆಲವೆಡೆ ಅದೇ ಹೆಸರು. ಇಷ್ಟೊಂದು ಹೊರೆ ಹೊತ್ತ ಪದವನ್ನು ಪತ್ರದಲ್ಲಿ ಬರೆದರೆ ಓದುಗರು ಹುಡುಕುವುದು ಬೇರೆ ಯಾವುದನ್ನೋ.

‘ಬಟ್ಟೆ ಪತಂಗ’ ಎನ್ನಬಹುದಲ್ಲ ಎಂದು ಕೆಲವರು ಸೂಚಿಸಿದರು. ನನ್ನ ತಕರಾರು ಇಷ್ಟು: ಹಾರುವ ಪತಂಗ ಬಟ್ಟೆಯನ್ನು ತಿನ್ನುವುದೇ ಇಲ್ಲ, ಅದಕ್ಕೆ ಕೆಲಸಕ್ಕೆ ಬರುವ ಬಾಯಿಯೇ ಇಲ್ಲ. ತಿನ್ನುವುದು ಅದರ ಮರಿಹುಳು. ಅದಕ್ಕೆ ಬೆಳಕು ಆಗದು; ಮಡಿಕೆ, ಹೊಲಿಗೆ, ಕಾಲರಿನ ಒಳಬದಿಯಲ್ಲಿ ಅಡಗಿರುತ್ತದೆ. ಹೆಸರಿನಲ್ಲೇ ಪತಂಗವಿದ್ದರೆ ಓದಿದವರು ಹಾರುವುದನ್ನು ಹೊಡೆದು ಕಪಾಟು ಮುಚ್ಚಿ ನೆಮ್ಮದಿಯಿಂದ ಇರುತ್ತಾರೆ, ಒಳಗೆ ಸ್ವೆಟರ್ ಸವೆಯುತ್ತಲೇ ಇರುತ್ತದೆ. ಗೋಡೆಯ ಮೇಲೆ ಸೌತೆಬೀಜದಂಥ ಬೂದು ಗೂಡನ್ನು ಎಳೆದುಕೊಂಡು ತೆವಳುವ ಹುಳುವನ್ನು ನೀವೆಲ್ಲ ನೋಡಿರುತ್ತೀರಿ. ಅದೂ ಇದೇ ಕುಲದ್ದು. ಹಳೆಯ ಜೇಡರಬಲೆ, ಉದುರಿದ ಕೂದಲು, ಉಣ್ಣೆ ಅದರ ಆಹಾರ. ಅದನ್ನು ಕರೆಯಲೂ ಮನೆಮಾತಿನ ಹೆಸರೊಂದು ನನಗೆ ಸಿಕ್ಕಿಲ್ಲ.

‘ಕಂಬಳಿಹುಳು’ ಎನ್ನುವಂತಿಲ್ಲ. ಮೈತುಂಬ ರೋಮವಿರುವ, ಎಲೆ ಮೇಯುವ, ತಾಗಿದರೆ ತುರಿಕೆ ಬರುವ ಹುಳು ಆ ಹೆಸರನ್ನು ಎಂದೋ ತನ್ನದಾಗಿಸಿಕೊಂಡಿದೆ.

ಉಳಿದದ್ದು ‘ಉಣ್ಣೆಹುಳು’. ಮೇಲ್ನೋಟಕ್ಕೆ ಇದಕ್ಕಿಂತ ನೇರವಾದ ಪದ ಇನ್ನೊಂದಿಲ್ಲ. ಆದರೆ ಮಲೆನಾಡಿನಲ್ಲಿ ಉಣ್ಣೆ ಎಂದರೆ ದನಕರುಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಇದೇ ಉಣುಗು. ಆ ಕಾಯಿಲೆಗೆ ಮನೆಯವರನ್ನು ಕಳೆದುಕೊಂಡವರಿರುವ ಊರಿನಲ್ಲಿ ‘ನಿಮ್ಮ ಕಂಬಳಿಯಲ್ಲಿ ಉಣ್ಣೆಹುಳು ಇರಬಹುದು’ ಎಂದು ಅಚ್ಚುಹಾಕಿದ ಕಾಗದ ಹಂಚಲು ನನಗೆ ಮನಸ್ಸು ಬರುವುದಿಲ್ಲ.

ಹೀಗಾಗಿ ‘ತುಪ್ಪಟ’ದ ಕಡೆ ತಿರುಗಿದ್ದೇನೆ. ಕುರಿಯ ಮೈಗೂದಲಿಗೆ ತುಪ್ಪಟ ಎನ್ನುತ್ತೇವೆ. ಹಕ್ಕಿಯ ಮೆದುಗರಿಗೆ ತುಪ್ಪುಳ ಎನ್ನುತ್ತೇವೆ. ಈ ಹುಳು ಅರಗಿಸಿಕೊಳ್ಳುವುದು ಕೆರಾಟಿನ್ ಎಂಬ ಪ್ರೋಟೀನನ್ನು, ಅದು ಇರುವುದು ಉಣ್ಣೆ, ಕೂದಲು, ಗರಿಗಳಲ್ಲಿ. ಶುದ್ಧ ಹತ್ತಿಯಾಗಲಿ ಅಕ್ರಿಲಿಕ್ ಆಗಲಿ ಅದಕ್ಕೆ ಆಹಾರವಲ್ಲ. ‘ತುಪ್ಪಟಹುಳು’ ಎಂದರೆ ಅದರ ಊಟದ ವ್ಯಾಪ್ತಿಯೆಲ್ಲ ಒಂದೇ ಮಾತಿನಲ್ಲಿ ಬರುತ್ತದೆ. ನನಗೆ ಈ ಪದ ಬಹಳ ಹಿಡಿಸಿದೆ. ಚಳ್ಳಕೆರೆಯ ಕಡೆ ಕಂಬಳಿಗೆ ಹುಣಸೆಬೀಜದ ಸರಿ ಹಚ್ಚಿ ಗಟ್ಟಿಮಾಡುತ್ತಾರೆ. ಆ ಸರಿಗೆ ಬರುವ ಬೆಳ್ಳಿಮೀನು ಹುಳು ಬೇರೆ, ತುಪ್ಪಟಹುಳು ಬೇರೆ ಎಂದು ವಿಂಗಡಿಸಿ ಹೇಳಲೂ ಅನುಕೂಲ.

ಪತ್ರದ ಮುಖ್ಯ ಸಾಲುಗಳು ಈಗ ಹೀಗಿವೆ, ಭಾಷೆಯನ್ನು ತಿದ್ದಿಕೊಡಿ: ‘ತುಪ್ಪಟಹುಳು ಬೆವರು, ಎಣ್ಣೆ, ಅನ್ನದ ಕಲೆ ಇರುವ ಕಡೆಯೇ ಮೊದಲು ತಿನ್ನುತ್ತದೆ. ಒಗೆದು, ಚೆನ್ನಾಗಿ ಒಣಗಿಸಿಯೇ ಎತ್ತಿಡಿ. ಕಂಬಳಿಯನ್ನು ಆಗಾಗ ಬಿಸಿಲಿಗೆ ಹರವಿ, ಕೊಡವಿ, ಮಡಿಕೆ ಬದಲಿಸಿ. ಹೆಣೆದ ಬಟ್ಟೆಯನ್ನು ಹ್ಯಾಂಗರಿಗೆ ತೂಗುಹಾಕಬೇಡಿ, ತನ್ನ ಭಾರಕ್ಕೇ ಜೋಲುತ್ತದೆ, ಮಡಿಸಿಡಿ. ಹುಳು ಕಂಡರೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಎರಡು ವಾರ ಫ್ರೀಜರಿನಲ್ಲಿಡಿ.’

ನುಸಿಗುಳಿಗೆಯ ಬಗ್ಗೆ ಎಚ್ಚರಿಕೆಯನ್ನೂ ಸೇರಿಸುತ್ತಿದ್ದೇನೆ. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ದಟ್ಟವಾಗಿ ನಿಂತರೆ ಮಾತ್ರ ಅದು ಕೆಲಸ ಮಾಡುತ್ತದೆ. ಆಗಾಗ ತೆರೆಯುವ ಕಪಾಟಿನಲ್ಲಿ ಉಳಿಯುವುದು ವಾಸನೆ ಮಾತ್ರ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಹಸುಗೂಸಿಗೆ ಆ ಬಟ್ಟೆ ಹೊದಿಸಿದರೆ ಕೆಂಪು ರಕ್ತಕಣಗಳು ಒಡೆಯುವ ಅಪಾಯವಿದೆ. ಆದ್ದರಿಂದ ಮಗುವಿನ ಟೋಪಿ, ಕುಲಾವಿ ಇರುವ ಪೆಟ್ಟಿಗೆಗೆ ಅದು ಬೇಡವೇ ಬೇಡ. ಇಲ್ಲಿಯೂ ಒಂದು ಪದದ ತೊಡಕಿದೆ. ಇದೇ ಗುಳಿಗೆಗೆ ‘ಡಾಂಬರು ಗುಳಿಗೆ’ ಎಂಬ ಹೆಸರೂ ಇದೆ. ನ್ಯಾಫ್ತಲೀನನ್ನು ಕಲ್ಲಿದ್ದಲಿನ ಡಾಂಬರಿನಿಂದಲೇ ತೆಗೆಯುತ್ತಿದ್ದುದರಿಂದ ಆ ಹೆಸರು ಸರಿಯಾಗಿಯೇ ಇದೆ. ನುಸಿಗುಳಿಗೆ ಎಂದರೆ ತಿಳಿಯದ, ಡಾಂಬರು ಗುಳಿಗೆ ಎಂದರಷ್ಟೇ ತಿಳಿಯುವ ಜಿಲ್ಲೆಗಳು ಯಾವುವು? ಎರಡನ್ನೂ ಅಚ್ಚುಹಾಕಲೇ?

ಚಳ್ಳಕೆರೆ, ಹಿರಿಯೂರು, ರಾಣೆಬೆನ್ನೂರು ಸೀಮೆಯಲ್ಲಿ ಕುರಿ ಸಾಕುವವರ, ಕಂಬಳಿ ನೇಯುವವರ ಒಡನಾಟ ಇರುವವರು ದಯವಿಟ್ಟು ಉತ್ತರಿಸಿ. ಕಂಬಳಿಗೆ ಹಿಡಿಯುವ ಈ ಹುಳುವನ್ನು ಅಲ್ಲಿನ ಹಿರಿಯರು ಏನೆನ್ನುತ್ತಾರೆ? ‘ತುಪ್ಪಟ’ ಎಂಬ ಮಾತು ಅವರ ಬಾಯಲ್ಲಿ ಇನ್ನೂ ಕುರಿಯ ಮೈಮೇಲಿನ ಉಣ್ಣೆಗೆ ಮಾತ್ರವೇ, ಕತ್ತರಿಸಿ ನೂತ ಮೇಲೂ ಸಲ್ಲುತ್ತದೆಯೇ? ಮಗ್ಗದ ಮನೆಗಳಲ್ಲಿ ಬಳಕೆಯ ಪದವೊಂದು ಇದ್ದರೆ ನನ್ನದನ್ನು ಬಿಟ್ಟು ಅದನ್ನೇ ಅಚ್ಚಿಗೆ ಕೊಡುತ್ತೇನೆ.